ಪುಸ್ತಕ ಬರೆಯುವಾಗ ಶಿಸ್ತು: ದಿನದ ಗುರಿ ಪದದಲ್ಲೋ, ಗಂಟೆಯಲ್ಲೋ?

ಅಡಿಟಿಪ್ಪಣಿ

ನೌಕರಿ, ಮನೆ ಎಲ್ಲ ಸಂಭಾಳಿಸಿಕೊಂಡೇ ಪುಸ್ತಕ ಬರೆಯುವವರಿಗೆ ಅಂತ ಈ ಚರ್ಚೆ (ಪ್ರತಿ ಮಾತಿನ ಮೇಲಿರೋದು ಅದನ್ನ ಬರೆದವರ ಅಡ್ಡಹೆಸರು). ಮೊದಲ 30 ಪುಟ ಹುರುಪಿನಲ್ಲೇ ಆಗಿಹೋಗುತ್ತೆ, ಕೆಲಸ ನಿಲ್ಲೋದು 70-80ನೇ ಪುಟದ ಆಸುಪಾಸಿನಲ್ಲಿ. ಕೇಳಬೇಕಾದ್ದು ಮೂರು. ದಿನದ ಗುರಿಯನ್ನ ಪದದಲ್ಲಿ ಇಟ್ಟುಕೊಳ್ಳಬೇಕಾ, ಸಮಯದಲ್ಲಾ? ನಿನ್ನೆ ಬರೆದದ್ದನ್ನ ಇವತ್ತು ತಿದ್ದಬಹುದಾ? ನಡುವೆ ಬಿಟ್ಟುಹೋದರೆ ಮತ್ತೆ ಶುರು ಮಾಡೋದು ಹೇಗೆ?

“ತುಡಿತ ಇದ್ರೆ ತಾನಾಗೇ ಬರುತ್ತೆ” ಅನ್ನೋ ಉತ್ತರ ದಯವಿಟ್ಟು ಬೇಡ. ಲೆಕ್ಕ ಹೇಳಿ, ಕ್ರಮ ಹೇಳಿ, ಎಲ್ಲಿ ಎಡವಟ್ಟಾಗುತ್ತೆ ಅಂತ ಹೇಳಿ.

ಬೆಳಗಿನ ಪಾಳಿ

ಮೊದಲು ಹಿಂದಿನಿಂದ ಲೆಕ್ಕ ಹಾಕಿ. ಡೆಮಿ 1/8 (ಕನ್ನಡ ಪುಸ್ತಕಗಳ ಸಾಮಾನ್ಯ ಗಾತ್ರ) ಅಳತೆಯ ಪುಟದಲ್ಲಿ ಸುಮಾರು 200ರಿಂದ 230 ಪದ ಕೂರುತ್ತೆ. ಅಕ್ಷರದ ಗಾತ್ರ, ಸಾಲಿನ ಅಂತರ ನೋಡಿಕೊಂಡು ಸ್ವಲ್ಪ ಆಚೀಚೆ. 180 ಪುಟದ ಪುಸ್ತಕ ಅಂದರೆ ಹತ್ತಿರಹತ್ತಿರ 40,000 ಪದ. ದಿನಕ್ಕೆ 400 ಪದ, ವಾರಕ್ಕೆ 5 ದಿನ ಅಂತ ಹಿಡಿದರೆ ವಾರಕ್ಕೆ 2,000, ಒಟ್ಟು 20 ವಾರ. ಆದರೆ 20 ವಾರ ಅಂತ ಗೋಡೆ ಮೇಲೆ ಬರೆದು ಅಂಟಿಸಬೇಡಿ. ಜ್ವರ ಬರುತ್ತೆ, ಮದುವೆ ಮುಂಜಿ ಬರುತ್ತೆ, ಆಫೀಸಿನಲ್ಲಿ ವರ್ಷದ ಕೊನೆ ಬರುತ್ತೆ. ಇನ್ನೂ ಕಾಲುಭಾಗ ಸೇರಿಸಿ 25 ವಾರ ಅನ್ನಿ. ನಮ್ಮ ಕೆಲಸಕ್ಕೆ ಬೇಕಾದ ಸಮಯವನ್ನ ನಾವೇ ಕಡಿಮೆ ಅಂದಾಜು ಮಾಡುವ ಈ ಚಾಳಿಯನ್ನ ಮನಶ್ಶಾಸ್ತ್ರಜ್ಞರಾದ ಕಾನೆಮನ್ ಮತ್ತು ಟ್ವೆರ್ಸ್ಕಿ 1979ರಲ್ಲೇ ಗುರುತಿಸಿ ಅದಕ್ಕೆ “ಪ್ಲಾನಿಂಗ್ ಫ್ಯಾಲಸಿ” ಅಂತ ಹೆಸರು ಕೊಟ್ಟಿದ್ದಾರೆ. ನಿಮ್ಮೊಬ್ಬರ ದೌರ್ಬಲ್ಯ ಅಲ್ಲ ಅದು.

ಈ 400 ಅನ್ನೋ ಅಂಕಿಯನ್ನೂ ಯಾರನ್ನೋ ನೋಡಿ ಇಟ್ಟುಕೊಳ್ಳಬಾರದು. ಮೊದಲ ಎರಡು ವಾರ ಗುರಿಯೇ ಇಲ್ಲದೆ ಬರೆಯಿರಿ, ದಿನದಿನದ ಪದಸಂಖ್ಯೆ ಮಾತ್ರ ಬರೆದಿಡಿ. ಆಮೇಲೆ ಆ ಅಂಕಿಗಳನ್ನ ಸಣ್ಣದರಿಂದ ದೊಡ್ಡದಕ್ಕೆ ಜೋಡಿಸಿ ನಟ್ಟನಡುವಿನದನ್ನ ತಗೊಳ್ಳಿ. ಸರಾಸರಿ ಬೇಡ, ಯಾಕಂದ್ರೆ ಒಂದು ಭಾನುವಾರ 1,500 ಪದ ಬಂದಿದ್ದರೆ ಸರಾಸರಿ ಸುಳ್ಳು ಹೇಳುತ್ತೆ. ನಡುವಿನ ಅಂಕಿಯ ಶೇ 80 ನಿಮ್ಮ ಗುರಿ.

ಇನ್ನೊಂದು. ಇಂಗ್ಲಿಷ್ ಬರಹಗಾರರ ದಿನಕ್ಕೆ 1,000, 2,000 ಪದದ ಮಾತನ್ನ ಹಾಗೇ ತಂದುಕೊಂಡು ಸೋತವರು ಬಹಳ. ಕನ್ನಡದಲ್ಲಿ ವಿಭಕ್ತಿ, ಸಹಾಯಕ ಕ್ರಿಯಾಪದ ಎಲ್ಲ ಒಂದೇ ಪದಕ್ಕೆ ಅಂಟಿಕೊಳ್ಳುವುದರಿಂದ ಅಷ್ಟೇ ವಿಷಯಕ್ಕೆ ನಮ್ಮ ಪದಸಂಖ್ಯೆ ಕಡಿಮೆ ಬರುತ್ತೆ. ಇಲ್ಲಿನ 400 ಸಣ್ಣ ಕೆಲಸ ಅಲ್ಲ.

ಅಲ್ಪವಿರಾಮ

ಲೆಕ್ಕ ಒಪ್ಪಿದೆ, ಆದರೆ ಪದದ ಗುರಿ ಒಂದೇ ಇಟ್ಟುಕೊಂಡರೆ ಸರಕು ಕೆಡುತ್ತೆ ಅನ್ನೋದು ನನ್ನ ತಕರಾರು. ರಾತ್ರಿ ಹತ್ತೂವರೆಗೆ ಇನ್ನೂ 120 ಪದ ಬಾಕಿ ಇದೆ ಅಂದರೆ ಏನಾಗುತ್ತೆ? ಪಾತ್ರಗಳು “ಹೌದಾ?” “ಹೌದು” ಅಂತ ಮಾತಾಡೋಕೆ ಶುರು ಮಾಡ್ತವೆ. ಹೇಳಿದ್ದನ್ನೇ “ಅಂದರೆ” ಅಂತ ಮತ್ತೊಂದು ಸಲ ಹೇಳ್ತೀವಿ. ಹಾಗಂತ ಸಮಯದ ಗುರಿ ಒಂದೇ ಇದ್ದರೆ ಒಂದು ಗಂಟೆ ಪರದೆ ದಿಟ್ಟಿಸಿ ಎದ್ದುಹೋಗಬಹುದು, ಲೆಕ್ಕದಲ್ಲಿ ಪಾಸು.

ಆದ್ದರಿಂದ ಎರಡೂ ಬೇಕು, ಕೆಲಸ ಬೇರೆಬೇರೆ. ಕೂರೋದಕ್ಕೆ ಸಮಯ, ಏಳೋದಕ್ಕೆ ಪದ. ಪದದಲ್ಲೂ ಎರಡು ಅಂಕಿ ಇಟ್ಟುಕೊಳ್ಳಿ: ಗುರಿ 400, ಕನಿಷ್ಠ 100. ಮೈ ಬಿಸಿ ಇರೋ ದಿನ, ಅರ್ಧ ಗಂಟೆ ಮಾತ್ರ ಸಿಕ್ಕ ದಿನ 100 ಆದರೆ ದಿನ ಲೆಕ್ಕಕ್ಕೆ ಬಂತು. ಆ ಕನಿಷ್ಠ ಎಷ್ಟು ಸಣ್ಣದಿರಬೇಕು ಅಂದರೆ, ಅದನ್ನ ಮಾಡದೇ ಇರೋದಕ್ಕೆ ನೆಪ ಹೇಳೋಕೂ ನಾಚಿಕೆ ಆಗಬೇಕು.

ಆಕರ ಓದುವ ದಿನಕ್ಕೆ, ಟಿಪ್ಪಣಿ ಮಾಡುವ ದಿನಕ್ಕೆ ಪದದ ಗುರಿಯೇ ಬೇಡ. ಅಲ್ಲಿ ಗಂಟೆ ಸಾಕು. ಆದರೆ ವಾರದಲ್ಲಿ ಅಂಥ ದಿನ ಎರಡಕ್ಕಿಂತ ಹೆಚ್ಚಾದರೆ ಎಚ್ಚರ, ಬರೆಯುವುದನ್ನ ತಪ್ಪಿಸಿಕೊಳ್ಳೋಕೆ ಸಂಶೋಧನೆಗಿಂತ ಮರ್ಯಾದಸ್ಥ ದಾರಿ ಇಲ್ಲ.

ಓಲೆಗರಿ

ಈ ವಿಷಯಕ್ಕೆ ಎಲ್ಲರೂ 19ನೇ ಶತಮಾನದ ಇಂಗ್ಲಿಷ್ ಕಾದಂಬರಿಕಾರ ಆಂಥನಿ ಟ್ರಾಲಪ್ ಅವರನ್ನ ಎಳೆದು ತರ್ತಾರೆ, ಆದರೆ ಅರ್ಧ ಮಾತ್ರ. ಅಂಚೆ ಇಲಾಖೆಯ ನೌಕರಿಯಲ್ಲಿದ್ದುಕೊಂಡೇ ಬೆಳಗ್ಗೆ 5.30ಕ್ಕೆ ಕೂತು, ಗಡಿಯಾರ ಎದುರಿಗಿಟ್ಟುಕೊಂಡು 15 ನಿಮಿಷಕ್ಕೆ 250 ಪದದಂತೆ ಬರೆಯುತ್ತಿದ್ದರು ಅನ್ನೋದು ಪ್ರಸಿದ್ಧ. ಜನ ಬಿಟ್ಟುಬಿಡೋದು ಇದನ್ನ: ಅವರು ಮೇಜಿಗಿದ್ದ 3 ಗಂಟೆಯಲ್ಲಿ ಮೊದಲ ಅರ್ಧ ಗಂಟೆ ಹಿಂದಿನ ದಿನದ್ದನ್ನ ಓದಿಕೊಳ್ಳೋಕೇ ಹೋಗುತ್ತಿತ್ತು. ಎರಡನೆಯದು, ಒಂದೊಂದು ಪುಸ್ತಕಕ್ಕೂ ದಿನಚರಿ ಇಟ್ಟು ದಿನಕ್ಕೆ ಎಷ್ಟು ಪುಟ ಆಯಿತು ಅಂತ ಬರೆಯುತ್ತಿದ್ದರು. ವಾರದ ಗುರಿ ಸರಾಸರಿ 40 ಪುಟ, ಆದರೆ ಆ ಗುರಿಯನ್ನೇ 20ಕ್ಕೆ ಇಳಿಸಿಕೊಂಡದ್ದೂ ಇತ್ತು, 112ಕ್ಕೆ ಏರಿಸಿದ್ದೂ ಇತ್ತು. ಅಂಥ ಶಿಸ್ತಿನ ಮನುಷ್ಯನ ಲೆಕ್ಕವೇ ಹೀಗೆ ಕುಣಿದಿದೆ. (ಬೆಳಗ್ಗೆ ಎಬ್ಬಿಸಿ ಕಾಫಿ ತಂದುಕೊಡೋದಕ್ಕೆ ಆಳಿಗೆ ವರ್ಷಕ್ಕೆ 5 ಪೌಂಡ್ ಹೆಚ್ಚಿಗೆ ಕೊಡುತ್ತಿದ್ದರು ಅನ್ನೋದನ್ನೂ ಶಿಸ್ತಿನ ಖಾತೆಗೇ ಹಾಕಬೇಕು!)

ನಾವು ಅವರಿಂದ ತಗೋಬೇಕಾದ್ದು ವೇಗ ಅಲ್ಲ, ಆ ದಿನಚರಿ. ಒಂದು ಸಾದಾ ನೋಟ್‌ಬುಕ್ ಸಾಕು, ಐದು ಕಾಲಂ: ದಿನಾಂಕ, ಕೂತ ಹೊತ್ತು, ಎದ್ದ ಹೊತ್ತು, ಪದ, ನಾಳೆಯ ಮೊದಲ ಕೆಲಸ. ಕೊನೆಯ ಕಾಲಂ ಖಾಲಿ ಬಿಟ್ಟು ಏಳಕೂಡದು. ಅದರಲ್ಲಿ “ಅಧ್ಯಾಯ 6 ಮುಂದುವರಿಸು” ಅಂತ ಬರೆದರೆ ಉಪಯೋಗ ಇಲ್ಲ. “ತಂಗಿ ಪತ್ರ ಓದಿ ಮುಗಿಸುತ್ತಾಳೆ, ಅಣ್ಣನಿಗೆ ಸುಳ್ಳು ಹೇಳುತ್ತಾಳೆ, ಸುಳ್ಳು ಏನು ಅಂತ ಮೊದಲ ಮಾತಿನಲ್ಲೇ ಬರಲಿ” ಅನ್ನುವಷ್ಟು ಬಿಡಿಸಿ ಬರೆಯಿರಿ. ಬರಹ ಸಲೀಸಾಗಿ ಹರಿಯುತ್ತಿರುವಾಗಲೇ, ಮುಂದಿನ ಎರಡು ವಾಕ್ಯ ಗೊತ್ತಿರುವಾಗಲೇ ನಿಲ್ಲಿಸಬೇಕು. ಪೂರ್ತಿ ಖಾಲಿಯಾಗುವ ತನಕ ಬರೆದು ಎದ್ದರೆ ಮಾರನೇ ದಿನ ಖಾಲಿ ಜಾಗದಿಂದಲೇ ಶುರು ಮಾಡಬೇಕಾಗುತ್ತೆ.

ಕರಡುಪ್ರತಿ

ಎರಡನೇ ಪ್ರಶ್ನೆಗೆ. ನಿನ್ನೆಯದನ್ನ ಓದಿ, ತಿದ್ದಬೇಡಿ. ಎಷ್ಟು ಓದಬೇಕು ಅಂದರೆ ಕೊನೆಯ ಒಂದೂವರೆ ಪುಟ, ಸುಮಾರು 300 ಪದ. ಅಕ್ಷರ ತಪ್ಪಿದ್ದರೆ ಸರಿ ಮಾಡಿ, ಅಷ್ಟೇ. ಟ್ರಾಲಪ್‌ಗೆ ಅರ್ಧ ಗಂಟೆ ಇತ್ತು ಅಂದರೆ ಅವರ ಹತ್ತಿರ 3 ಗಂಟೆ ಇತ್ತು. ಒಂದೇ ಗಂಟೆ ಇರೋರು 10 ನಿಮಿಷಕ್ಕೆ ಮುಗಿಸಬೇಕು.

ಯಾಕೆ ಇಷ್ಟು ಕಟ್ಟುನಿಟ್ಟು? ಮೊದಲ ಅಧ್ಯಾಯ ಏನಾಗಬೇಕು ಅಂತ ಗೊತ್ತಾಗೋದು ಕೊನೆಯ ಅಧ್ಯಾಯ ಬರೆದ ಮೇಲೆ. 90ನೇ ಪುಟದಲ್ಲಿ ಇದ್ದುಕೊಂಡು 5ನೇ ಪುಟಕ್ಕೆ ಹೊಳಪು ಕೊಟ್ಟರೆ, ಆಮೇಲೆ ಆ ಪುಟವನ್ನೇ ಕಿತ್ತುಹಾಕಬೇಕಾಗಿ ಬಂದಾಗ ಕೈ ಬರೋದಿಲ್ಲ. ತಿದ್ದಿ ತೀಡಿದ್ದನ್ನ ಎಸೆಯೋದು ಕಷ್ಟ. ಆ ಪುಟ ಉಳಿಸೋಕೆ ಹೋಗಿ ಕಥೆಯನ್ನೇ ಬಗ್ಗಿಸ್ತೀವಿ.

ಮುಂದೆ ಹೋಗ್ತಾ ಇರೋದಕ್ಕೆ ಎರಡು ಸಾಧನ ಇಟ್ಟುಕೊಳ್ಳಿ.

ಒಂದು, “ಞಞ” ಗುರುತು. ಇಸವಿ ನೆನಪಿಲ್ಲ, ಊರಿನ ಹೆಸರು ಹೊಳೀತಿಲ್ಲ, ಸರಿಯಾದ ಪದ ಸಿಗ್ತಿಲ್ಲ, ಆಗ ಅಲ್ಲೇ ಞಞಇಸವಿ, ಞಞಊರು, ಞಞಪದ ಅಂತ ಹಾಕಿ ಮುಂದೆ ನಡೀರಿ. ಈ ಜೋಡಿ ಅಕ್ಷರ ಕನ್ನಡದ ಯಾವ ಪದದಲ್ಲೂ ಸಾಮಾನ್ಯವಾಗಿ ಬರೋದಿಲ್ಲ, ಹುಡುಕಿದರೆ ಎಲ್ಲ ಒಟ್ಟಿಗೆ ಸಿಗುತ್ತೆ. ಇಸವಿ ನೋಡೋಣ ಅಂತ ಬ್ರೌಸರ್ ತೆರೆದರೆ ಕಥೆ ಮುಗೀತು, ಮುಕ್ಕಾಲು ಗಂಟೆ ಆದಮೇಲೆ ಯಾವುದೋ ಕೋಟೆಯ ವಾಸ್ತುಶಿಲ್ಪ ಓದ್ತಾ ಇರ್ತೀರಿ. ವಾರಕ್ಕೊಮ್ಮೆ ಒಂದು ಗಂಟೆ ಞಞಗಳಿಗೇ ಮೀಸಲಿಡಿ.

ಎರಡು, ಬದಲಾವಣೆ ಪಟ್ಟಿ. 90ನೇ ಪುಟದಲ್ಲಿ ನಾಯಕನಿಗೆ ಅಕ್ಕ ಬೇಡ, ತಮ್ಮ ಇರಬೇಕು ಅನ್ನಿಸಿದರೆ ಹಿಂದೆ ಹೋಗಿ ಬದಲಿಸಬೇಡಿ. ಬೇರೆ ಕಡತದಲ್ಲಿ ಒಂದು ಸಾಲು ಬರೆದಿಟ್ಟು, ಮೊದಲಿನಿಂದಲೂ ತಮ್ಮನೇ ಇದ್ದ ಅನ್ನೋ ಹಾಗೆ 91ನೇ ಪುಟ ಬರೆಯಿರಿ.

ಖಾಲಿ ಹಾಳೆ

ದಿನಾ ಬರೀಲೇಬೇಕು ಅನ್ನೋದು ಯಾವ ಶಾಸ್ತ್ರ ಮಾರಾಯ್ರೇ? ವಾರಾಂತ್ಯ ಎರಡು ದಿನ ತಲಾ 4 ಗಂಟೆ ಕೂತರೆ ಅದೇ ಲೆಕ್ಕ ಆಗಲ್ವಾ?

ಓಲೆಗರಿ

@ಖಾಲಿ ಹಾಳೆ ಆಗುತ್ತೆ, ಆದರೆ ಗುಣಾಕಾರ ಮಾಡಿದ ಹಾಗೆ ಆಗಲ್ಲ. ಐದು ದಿನದ ಅಂತರದ ಮೇಲೆ ಶನಿವಾರ ಕೂತರೆ, ಎಲ್ಲಿದ್ದೆ, ಯಾರ ದನಿಯಲ್ಲಿ ಹೇಳ್ತಿದ್ದೆ ಅಂತ ಹಿಡಿಯೋಕೇ ಮೊದಲ ಗಂಟೆ ಬೇಕು. ಕೊನೆಯ ಒಂದು ಗಂಟೆಯಲ್ಲಿ ತಲೆ ಓಡೋದಿಲ್ಲ. ಉಳಿಯೋದು ಎರಡು.

ವಾರಾಂತ್ಯವೇ ಗತಿ ಅಂತಾದರೆ ಹೀಗೆ ಮಾಡಿ: ಮಂಗಳವಾರ, ಗುರುವಾರ 15 ನಿಮಿಷ ಬರೀ ಓದಿ, ಕೊನೆಯ ಕಾಲಂಗೆ ಒಂದೆರಡು ಸಾಲು ಸೇರಿಸಿ. ಬರೆಯಬೇಡಿ. ಶನಿವಾರ 90 ನಿಮಿಷ ಬರವಣಿಗೆ, 30 ನಿಮಿಷ ಎದ್ದು ಓಡಾಟ, ಮತ್ತೆ 60 ನಿಮಿಷ ಬರವಣಿಗೆ. ಮಿಕ್ಕ ಒಂದು ಗಂಟೆ ಞಞ ಹುಡುಕೋದಕ್ಕೆ, ಮುಂದಿನ ದೃಶ್ಯದ ಟಿಪ್ಪಣಿಗೆ. ಭಾನುವಾರವೂ ಇದೇ.

ಬೆಳಗಿನ ಪಾಳಿ

ಟೈಮರ್ ಬಳಸೋರಿಗೆ ಒಂದು ಮಾತು. ಫ್ರಾನ್ಸೆಸ್ಕೊ ಚಿರಿಲ್ಲೊ ಅವರ ಪೊಮೊಡೊರೊ ಕ್ರಮದಲ್ಲಿ 25 ನಿಮಿಷ ಕೆಲಸ, 5 ನಿಮಿಷ ಬಿಡುವು. ಇಮೇಲ್, ಲೆಕ್ಕಪತ್ರಕ್ಕೆ ಚೆನ್ನ. ಪುಸ್ತಕಕ್ಕೆ ಸಣ್ಣದಾಯ್ತು ಅನ್ನೋದು ನನ್ನ ಅಭಿಪ್ರಾಯ, ಯಾಕಂದರೆ ದೃಶ್ಯದ ಒಳಗೆ ಹೋಗೋಕೇ 10-15 ನಿಮಿಷ ಹಿಡಿಯುತ್ತೆ, ಕೈ ಓಡೋ ಹೊತ್ತಿಗೆ ಗಂಟೆ ಬಾರಿಸುತ್ತೆ. 45-50 ನಿಮಿಷ ಇಡಿ. ಬಿಡುವಿನಲ್ಲಿ ಮೊಬೈಲ್ ಮುಟ್ಟಿದರೆ ಅದು ಬಿಡುವಲ್ಲ. ಮೊಬೈಲ್ ಬೇರೆ ಕೋಣೆಯಲ್ಲಿರಲಿ. ಮೇಜಿನ ಮೇಲೆ ಬೋರಲು ಹಾಕಿಟ್ಟರೆ ಸಾಲದು.

ಅಡಿಟಿಪ್ಪಣಿ

ತುಂಬ ಉಪಯೋಗ ಆಯ್ತು. ಮೂರನೇ ಪ್ರಶ್ನೆ ಹಾಗೇ ಉಳಿದಿದೆ. ಒಂದು ದಿನ ತಪ್ಪಿದರೆ ಸರಿ, ಎರಡು ಮೂರು ವಾರ ಬಿಟ್ಟುಹೋದರೆ?

ಅಲ್ಪವಿರಾಮ

ಒಂದು ದಿನ ತಪ್ಪಿದ್ದಕ್ಕೆ ಏನೂ ಆಗೋದಿಲ್ಲ ಅನ್ನೋದಕ್ಕೆ ಆಧಾರ ಇದೆ. ಸಂಶೋಧಕಿ ಫಿಲಿಪಾ ಲ್ಯಾಲಿ ಮತ್ತು ಜೊತೆಗಾರರು 96 ಜನರನ್ನ 12 ವಾರ ಗಮನಿಸಿ 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಒಂದು ಕೆಲಸ ಅಭ್ಯಾಸವಾಗಿ ಕೂರೋಕೆ ಹಿಡಿದ ಕಾಲದ ನಡುವಿನ ಅಂಕಿ 66 ದಿನ. ಆದರೆ ವ್ಯಾಪ್ತಿ ನೋಡಿ: 18ರಿಂದ 254 ದಿನ, ಅದರಲ್ಲೂ ಮೇಲಿನ ತುದಿ ಲೆಕ್ಕ ಮುಂದುವರಿಸಿ ಮಾಡಿದ ಅಂದಾಜು. ನಡುವೆ ಒಂದು ಅವಕಾಶ ತಪ್ಪಿದ್ದರಿಂದ ಹೇಳಿಕೊಳ್ಳುವಂಥ ಹಾನಿ ಆಗಲಿಲ್ಲ. “21 ದಿನ ಮಾಡಿದರೆ ಅಭ್ಯಾಸ” ಅಂತ ಓಡಾಡುವ ಮಾತು ನಂಬಬೇಡಿ. ಇನ್ನೂ ಒಂದು ಗಮನಿಸಬೇಕು, ಅಲ್ಲಿ ನೋಡಿದ್ದು ಊಟದ ಜೊತೆ ಹಣ್ಣು ತಿನ್ನೋದು, ನೀರು ಕುಡಿಯೋದು, ಸ್ವಲ್ಪ ಹೊತ್ತು ಓಡೋದು ಅಂಥ ಕೆಲಸ. ಬರೆಯೋದು ಹಾಗಲ್ಲ. ಅಭ್ಯಾಸ ಆಗಬಹುದಾದ್ದು ಕೂರೋದು ಮಾತ್ರ. ಕೂತ ಮೇಲಿನ ಕೆಲಸ ಪ್ರತಿದಿನವೂ ಹೊಸದೇ, ಕಷ್ಟದ್ದೇ. ನೂರು ದಿನ ಆದಮೇಲೂ ಸಲೀಸಾಗಲಿಲ್ಲ ಅಂತ ಗಾಬರಿ ಬೀಳಬೇಕಿಲ್ಲ.

ದೊಡ್ಡ ಅಂತರ ಬಿದ್ದರೆ ವಾಪಸು ಬರುವ ಕ್ರಮ: ಮೊದಲ ದಿನ 20 ನಿಮಿಷ ಮಾತ್ರ, ಕೊನೆಯ ಐದು ಪುಟ ಮತ್ತು ದಿನಚರಿಯ ಕೊನೆಯ ಕಾಲಂ ಓದಿ, ಮುಂದೆ ಏನಾಗುತ್ತೆ ಅಂತ ಅರ್ಧ ಪುಟ ಒರಟಾಗಿ ಬೇರೆ ಹಾಳೆಯಲ್ಲಿ ಬರೆಯಿರಿ. ಅದು ಪುಸ್ತಕದೊಳಗೆ ಹೋಗೋದಿಲ್ಲ. ಎರಡನೇ ದಿನದಿಂದ ಒಂದು ವಾರ ಕನಿಷ್ಠ ಗುರಿ, 100. ಆಮೇಲೆ ಪೂರ್ತಿ ಗುರಿ. ಬಿಟ್ಟುಹೋದ ವಾರಗಳ ಪದವನ್ನ ಬಾಕಿ ಅಂತ ಮುಂದಿನ ದಿನಗಳಿಗೆ ಹಂಚಲೇಬೇಡಿ. 400 ಇದ್ದದ್ದು 700 ಆದರೆ ನಾಲ್ಕೇ ದಿನಕ್ಕೆ ಮತ್ತೆ ಕುಸಿಯುತ್ತೆ. ಮುಗಿಸುವ ತಾರೀಕನ್ನೇ ಮುಂದೆ ತಳ್ಳಿ. ಮೊದಲೇ ಸೇರಿಸಿದ 5 ವಾರ ಇರೋದು ಇದಕ್ಕೇ.

ಕೂರುವ ಕ್ಷಣವನ್ನ ಯಾವುದಾದರೂ ನಡೆದೇ ನಡೆಯುವ ಕೆಲಸಕ್ಕೆ ಗಂಟು ಹಾಕಿ. “ಬೆಳಗ್ಗೆ ಬರೀತೀನಿ” ಅನ್ನೋ ಸಂಕಲ್ಪಕ್ಕಿಂತ “ಸ್ನಾನ ಮುಗಿಸಿ ಮೇಜಿಗೆ ಬಂದ ಕೂಡಲೇ ಕಡತ ತೆರೆದು ಕೊನೆಯ ಪುಟ ಓದ್ತೀನಿ” ಅನ್ನೋದು ಗಟ್ಟಿ. ಹೀಗಾದರೆ ಹೀಗೆ ಮಾಡ್ತೀನಿ ಅಂತ ಮೊದಲೇ ನಿಗದಿ ಮಾಡುವ ಈ ವಿಧಾನದ ಬಗ್ಗೆ ಮನಶ್ಶಾಸ್ತ್ರಜ್ಞ ಪೀಟರ್ ಗೋಲ್ವಿಟ್ಜರ್ 1999ರಲ್ಲಿ ಬರೆದದ್ದು ಇವತ್ತಿಗೂ ಉಲ್ಲೇಖ ಆಗ್ತಿರುತ್ತೆ. ಅಡ್ಡಿಗೂ ಒಂದು ವಾಕ್ಯ ಮಾಡಿಡಿ: “ಯಾರಾದರೂ ಬಂದು ಎಬ್ಬಿಸಿದರೆ, ಏಳುವ ಮುಂಚೆ ಮುಂದಿನ ವಾಕ್ಯದ ಮೊದಲ ಮೂರು ಪದ ಬರೆದಿಡ್ತೀನಿ.”

ಮೂರನೇ ತಿದ್ದುಪಡಿ

ಇಲ್ಲೀತನಕ ಎಲ್ಲರೂ ಕೂರೋದರ ಬಗ್ಗೆ ಹೇಳಿದ್ರಿ. 70-80ನೇ ಪುಟದಲ್ಲಿ ನಿಲ್ಲೋದಕ್ಕೆ ಬಹಳ ಸಲ ಕಾರಣ ಸೋಮಾರಿತನ ಅಲ್ಲವೇ ಅಲ್ಲ, ಕಟ್ಟಡದ ದೋಷ. ಶುರುವಿನಲ್ಲಿ ಹೊಳೆದ ವಿಷಯ ಅಷ್ಟು ಹೊತ್ತಿಗೆ ಖರ್ಚಾಗಿರುತ್ತೆ, ಕೊನೆ ಇನ್ನೂ ಕಾಣ್ತಿರಲ್ಲ. ಅಂಥ ಜಾಗದಲ್ಲಿ ಅಲಾರಾಂ ಬದಲಿಸಿ ಪ್ರಯೋಜನ ಇಲ್ಲ.

ಮೊದಲು ಯಾವ ಥರದ ನಿಲುಗಡೆ ಅಂತ ಪತ್ತೆ ಮಾಡಿ. ಕೂರ್ತೀರಿ, ಆದರೆ ಬರೋದಿಲ್ಲ ಅಂದರೆ ಮುಂದೇನು ಅಂತ ಗೊತ್ತಿಲ್ಲ ಅಂತರ್ಥ. ಮುಂದೇನು ಗೊತ್ತಿದೆ, ಕೂರೋಕೇ ಆಗ್ತಿಲ್ಲ ಅಂದರೆ ಮೇಲಿನವರು ಹೇಳಿದ ವೇಳಾಪಟ್ಟಿಯ ಔಷಧ. ಬರೀತಿದೀರಿ, ಓದಿದರೆ ಅಸಹ್ಯ ಅನ್ನಿಸ್ತಿದೆ ಅಂದರೆ ನಿಮ್ಮ ಕರಡನ್ನ ಬೇರೆಯವರ ಅಚ್ಚಾದ ಪುಸ್ತಕದ ಪಕ್ಕ ಇಟ್ಟು ನೋಡ್ತಿದೀರಿ, ಅದಕ್ಕೆ ಮದ್ದು ಮುಂದೆ ಬರೆಯೋದು ಒಂದೇ.

ಮೊದಲ ಜಾತಿಗೆ ಬೇಕಾದ್ದು ಒಂದು ವಾರದ ಬೇರೆ ಕೆಲಸ. ಕಾದಂಬರಿಯಾದರೆ ಬರೆದ ಪ್ರತಿ ದೃಶ್ಯಕ್ಕೂ ಒಂದು ಕಾರ್ಡ್ ಮಾಡಿ, ಮೂರೇ ಸಾಲು: ಇಲ್ಲಿ ಯಾರಿಗೆ ಏನು ಬೇಕು, ಅಡ್ಡ ಏನು ಬಂತು, ದೃಶ್ಯ ಮುಗಿದಾಗ ಏನು ಬದಲಾಯ್ತು. ಮೂರನೇ ಸಾಲು ಬರೆಯೋಕೆ ಆಗದ ದೃಶ್ಯ ಸಾಲಾಗಿ ಎರಡು ಮೂರು ಸಿಕ್ಕರೆ ಕಥೆ ನಿಂತದ್ದು ಅಲ್ಲೇ, ನೀವು ನಿಂತ ಜಾಗದಲ್ಲಲ್ಲ. ಸಾಮಾನ್ಯವಾಗಿ ಅದು 15-20 ಪುಟ ಹಿಂದೆ ಇರುತ್ತೆ. ಆಗ ಮಾತ್ರ ಹಿಂದೆ ಹೋಗಿ ತಿದ್ದೋಕೆ ನನ್ನ ಅನುಮತಿ ಇದೆ (ಕರಡುಪ್ರತಿಯವರು ಕೋಪ ಮಾಡ್ಕೋಬಾರದು). ವಿಚಾರದ ಪುಸ್ತಕವಾದರೆ ಪ್ರತಿ ಅಧ್ಯಾಯಕ್ಕೂ ಅದು ಉತ್ತರಿಸುವ ಪ್ರಶ್ನೆಯನ್ನ ಒಂದೇ ಸಾಲಿನಲ್ಲಿ ಬರೆಯಿರಿ. ಸಾಲಿನಲ್ಲಿ “ಮತ್ತು” ಬಂತು ಅಂದರೆ ಅಲ್ಲಿ ಎರಡು ಅಧ್ಯಾಯ ಇವೆ. ಒಂದೇ ಪ್ರಶ್ನೆ ಎರಡು ಕಡೆ ಬಂತು ಅಂದರೆ ಒಂದು ಹೋಗಬೇಕು.

ಕರಡುಪ್ರತಿ

ಕೋಪ ಇಲ್ಲ. ಆದರೆ ಹಿಂದೆ ಹೋಗಿ ಬದಲಿಸೋದು ಕಾರ್ಡಿನಲ್ಲಿ, ಗದ್ಯದಲ್ಲಿ ಅಲ್ಲ. ಕಾರ್ಡ್ ಸರಿ ಮಾಡಿ, ಬದಲಾವಣೆ ಪಟ್ಟಿಗೆ ಹಾಕಿ, ಮುಂದಿನ ಪುಟ ಬರೆಯಿರಿ.

ಖಾಲಿ ಹಾಳೆ

ಯಾರಿಗಾದರೂ ಅಧ್ಯಾಯ ಅಧ್ಯಾಯವಾಗಿ ಓದಿಸ್ತಾ ಹೋದರೆ ಒತ್ತಡ ಇರುತ್ತಲ್ಲ, ಅದು ಒಳ್ಳೇದಲ್ವಾ?

ಮೂರನೇ ತಿದ್ದುಪಡಿ

ಒತ್ತಡ ಒಳ್ಳೇದು, ಓದಿಸೋದು ಬೇಡ. ಅರ್ಧ ಕರಡಿಗೆ ಬರುವ ಹೊಗಳಿಕೆಯೂ ಕೆಡಿಸುತ್ತೆ, ಟೀಕೆಯೂ ಕೆಡಿಸುತ್ತೆ. ನಂಬಿಕೆಯ ಒಬ್ಬರಿಗೆ ಪ್ರತಿ ಭಾನುವಾರ ಸಂಜೆ ಅಂಕಿ ಮಾತ್ರ ಕಳಿಸಿ: ಈ ವಾರ ಎಷ್ಟು ದಿನ ಕೂತೆ, ಎಷ್ಟು ಪದ. ಅವರು “ಸರಿ” ಅಂದರೆ ಸಾಕು.

ಕರಡು ಮುಗಿದ ಮೇಲಿನ ಶಿಸ್ತು ಬೇರೆಯದೇ. ಮೂರು ನಾಲ್ಕು ವಾರ ಮುಟ್ಟಬೇಡಿ. ಆಮೇಲೆ ಮೊದಲ ಸುತ್ತು: ಮುದ್ರಿಸಿಕೊಂಡು ಮೂರು ನಾಲ್ಕು ದಿನದಲ್ಲಿ ಪೂರ್ತಿ ಓದಿ, ಅಂಚಿನಲ್ಲಿ ಗುರುತು ಮಾತ್ರ, ವಾಕ್ಯ ತಿದ್ದುವಂತಿಲ್ಲ. ದಿನಕ್ಕೆ ಹತ್ತು ಪುಟದಂತೆ ಎಳೆದರೆ 20ನೇ ಪುಟದಲ್ಲಿ ಹೇಳಿದ್ದನ್ನೇ 140ರಲ್ಲಿ ಹೇಳಿದ್ದು ಗೊತ್ತಾಗಲ್ಲ. ಎರಡನೇ ಸುತ್ತಿನಲ್ಲಿ ದೊಡ್ಡ ಕೆಲಸ, ಅಧ್ಯಾಯ ಕತ್ತರಿಸೋದು, ಜಾಗ ಬದಲಿಸೋದು. ವಾಕ್ಯ ತಿದ್ದೋದು ಮೂರನೇ ಸುತ್ತಿನಲ್ಲಿ, ದಿನಕ್ಕೆ 8-10 ಪುಟ, ಗಟ್ಟಿಯಾಗಿ ಓದಿಕೊಂಡು. ಈ ಹಂತದಲ್ಲಿ ಪದದ ಗುರಿ ಇಟ್ಟುಕೊಂಡರೆ ಕತ್ತರಿಸೋ ಕೈಯೇ ಕಟ್ಟಿಹಾಕಿದ ಹಾಗೆ. ಪುಟ ಎಣಿಸಿ.

ಕನ್ನಡದಲ್ಲಿ ಕಾಗುಣಿತದ ಏಕರೂಪತೆಗೆ ಒಂದು ಹಾಳೆ ಬೇಕೇ ಬೇಕು. ಸಂಭಾಷಣೆಯಲ್ಲಿ “ಮಾಡ್ತಾನೆ”ಯೋ “ಮಾಡುತ್ತಾನೆ”ಯೋ, “ವರೆಗೆ” ಅಂಟಿಸಬೇಕೋ ಬಿಡಿಸಬೇಕೋ, ಇಂಗ್ಲಿಷಿನಿಂದ ಬಂದ ಪದಗಳನ್ನ ಹೇಗೆ ಬರೀಬೇಕು, ಅಂಕಿ ಯಾವ ಲಿಪಿಯಲ್ಲಿ, ಇದೆಲ್ಲ ಒಂದು ಸಲ ತೀರ್ಮಾನಿಸಿ ಬರೆದಿಡಿ. ಇಲ್ಲದಿದ್ದರೆ ದಿನಾ ಅದೇ ತೀರ್ಮಾನ ಮತ್ತೆ ಮತ್ತೆ ಮಾಡ್ತಾ ಅರ್ಧ ಸಮಯ ಕಳೆಯುತ್ತೆ. ನಿಲ್ಲಿಸೋದು ಯಾವಾಗ ಅಂದರೆ, ಹಿಂದಿನ ಸುತ್ತಿನಲ್ಲಿ ತೆಗೆದ ಪದವನ್ನೇ ಈ ಸುತ್ತಿನಲ್ಲಿ ಮತ್ತೆ ಹಾಕ್ತಿದೀರಿ ಅಂತ ಕಂಡಾಗ.

ಕಾಗುಣಿತ

ತಡವಾಗಿ ಬಂದೆ. ಯಂತ್ರದ ಕಡೆ ಯಾರೂ ಹೇಳಿಲ್ಲ, ಅದೂ ಶಿಸ್ತೇ.

ಕಡ್ಡಾಯವಾಗಿ ಯೂನಿಕೋಡ್‌ನಲ್ಲೇ (ಯಾವ ಯಂತ್ರದಲ್ಲಿ ತೆರೆದರೂ ಅದೇ ಅಕ್ಷರ ಉಳಿಯುವ ಸಂಕೇತ ಪದ್ಧತಿ) ಬರೆಯಿರಿ. ಹಳೆಯ ಆಸ್ಕಿ ಫಾಂಟ್‌ನಲ್ಲಿ 150 ಪುಟ ಬರೆದು ಕೊನೆಗೆ ಪರಿವರ್ತಿಸಿದರೆ ಅರ್ಕಾವತ್ತು, ಒತ್ತಕ್ಷರಗಳು ಅಲ್ಲಲ್ಲಿ ಜಾಗ ತಪ್ಪುತ್ತವೆ, ಅದನ್ನ ಹುಡುಕೋದು ಇನ್ನೊಂದು ಪುಸ್ತಕ ಬರೆದಷ್ಟು ಕೆಲಸ. ಪುಟವಿನ್ಯಾಸ ಮಾಡೋರು ಹಳೇ ಫಾಂಟ್ ಕೇಳಿದರೆ ಪ್ರತಿ ಕೊಟ್ಟು ಪರಿವರ್ತನೆ ಆದಮೇಲೆ ಕರಡಚ್ಚು ತಿದ್ದಿ, ಮೂಲ ಮಾತ್ರ ಯೂನಿಕೋಡ್‌ನಲ್ಲೇ ಇರಲಿ.

ಅಧ್ಯಾಯಕ್ಕೊಂದು ಕಡತ. ಹೆಸರು ಅಂಕಿಯಿಂದ ಶುರುವಾಗಲಿ: 01, 02 ಹೀಗೆ. ಬರೀ 1, 2 ಅಂತ ಕೊಟ್ಟರೆ ಎಷ್ಟೋ ಕಡೆ 10 ಬಂದು 1ರ ಪಕ್ಕ ಕೂರುತ್ತೆ. “ಕೊನೆಯದು”, “ಕೊನೆಯದು ಹೊಸದು” ಅಂತ ಹೆಸರಿಡೋ ಬದಲು ವರ್ಷ-ತಿಂಗಳು-ದಿನ ಕ್ರಮದಲ್ಲಿ ತಾರೀಕು ಹಾಕಿ. ವಾರಕ್ಕೊಮ್ಮೆ ಪೂರ್ತಿ ಫೋಲ್ಡರ್ ಅನ್ನ ಆ ದಿನದ ತಾರೀಕಿನಲ್ಲಿ ಪ್ರತಿ ಮಾಡಿ, ಒಂದು ಕ್ಲೌಡ್‌ನಲ್ಲಿ, ಒಂದು ಪೆನ್‌ಡ್ರೈವ್‌ನಲ್ಲಿ. ಕ್ಲೌಡ್ ಸಿಂಕ್ ಇದೆ ಅಂತ ಸುಮ್ಮನಿರಬೇಡಿ, ತಪ್ಪಾಗಿ ಅಳಿಸಿದ್ದು ಅಲ್ಲೂ ಅಷ್ಟೇ ಚೆನ್ನಾಗಿ ಅಳಿಸಿಹೋಗುತ್ತೆ.

ಧ್ವನಿಯಿಂದ ಟೈಪ್ ಮಾಡೋದು ಸಂಭಾಷಣೆಗೆ ಪರವಾಗಿಲ್ಲ. ವಿವರಣೆಗೆ ಬಳಸಿದರೆ ಚಿಹ್ನೆಗಳಿರಲ್ಲ, ಪದಗಳು ಬೇಡದ ಕಡೆ ಒಡೆದಿರ್ತವೆ, ತಿದ್ದೋಕೆ ಹಿಡಿಯುವ ಹೊತ್ತನ್ನೂ ಲೆಕ್ಕಕ್ಕೆ ಹಿಡೀರಿ. ಹಾಗೆ ಮಾಡಿದ ದಿನದ ಪದಸಂಖ್ಯೆಯನ್ನ ದಿನಚರಿಯಲ್ಲಿ ಬೇರೆ ಬಣ್ಣದಲ್ಲಿ ಬರೆಯಿರಿ, ಇಲ್ಲಾಂದ್ರೆ ನಿಮ್ಮ ವೇಗದ ಬಗ್ಗೆ ತಪ್ಪು ಅಂದಾಜು ಆಗುತ್ತೆ.

ಅಡಿಟಿಪ್ಪಣಿ

@ಕಾಗುಣಿತ ಕೈಬರಹದಲ್ಲಿ ಬರೆಯೋರು ಪದ ಎಣಿಸೋದು ಹೇಗೆ ಸರ್? ದಿನಾ ಕೂತು ಎಣಿಸೋಕಾಗಲ್ಲ.

ಕಾಗುಣಿತ

ಎಣಿಸಬೇಡಿ. ಒಂದೇ ಥರದ ಗೆರೆ ಪುಸ್ತಕ ಬಳಸಿ. ಬೇರೆಬೇರೆ ದಿನ ಬರೆದ ಮೂರು ಪುಟದಲ್ಲಿ ತಲಾ 10 ತುಂಬು ಸಾಲಿನ ಪದ ಎಣಿಸಿ, ಒಟ್ಟನ್ನ 30ರಿಂದ ಭಾಗಿಸಿದರೆ ಸಾಲಿಗೆ ಇಷ್ಟು ಪದ ಅಂತ ಬರುತ್ತೆ. ಆಮೇಲೆ ಸಾಲು ಲೆಕ್ಕ ಸಾಕು. ಸಾಲಿಗೆ 7 ಪದ ಬಂದರೆ 400ಕ್ಕೆ 57 ಸಾಲು. ಬಲಗಡೆ ಪುಟದಲ್ಲಿ ಮಾತ್ರ ಬರೆಯಿರಿ, ಎಡಗಡೆಯದು ಞಞ ಮತ್ತು ಬದಲಾವಣೆಗಳಿಗೆ. ಟೈಪ್ ಮಾಡೋದನ್ನ ಕೊನೆಗೆ ಇಟ್ಟುಕೊಳ್ಳಬೇಡಿ, ಅಧ್ಯಾಯ ಮುಗಿದ ಹಾಗೆ ಮಾಡಿಕೊಳ್ಳಿ, ಆದರೆ ಬರೆಯುವ ಹೊತ್ತಿನಲ್ಲಿ ಅಲ್ಲ, ಬೇರೆ ಹೊತ್ತಿನಲ್ಲಿ. ಟೈಪ್ ಮಾಡ್ತಾ ತಿದ್ದೋ ಆಸೆ ಬರುತ್ತೆ, ಬಂದಾಗ ಎಡಗಡೆ ಪುಟದಲ್ಲಿ ಒಂದು ಸಾಲು ಬರೆದು ಮುಂದಕ್ಕೆ ಹೋಗಿ. ನೋಟ್‌ಬುಕ್ ತುಂಬಿದ ಕೂಡಲೇ ಮೊಬೈಲಿನಲ್ಲಿ ಪುಟಪುಟವೂ ಫೋಟೊ ತೆಗೆದಿಡಿ, ಅದಕ್ಕೆ ಬೇರೆ ಪ್ರತಿ ಇರೋದಿಲ್ಲ.